ಮಾತು ನಿಂತ ಮೇಲಿನ ಆರೈಕೆ: ಮರೆಗುಳಿ ಕಾಯಿಲೆಯಲ್ಲಿ ಹಾಸ್ಪೈಸ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

'ಹಾಸ್ಪೈಸ್ ಆರೈಕೆ ಶುರುಮಾಡೋಣ' ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: 'ಹಾಗಾದರೆ ಇನ್ನೆಷ್ಟು ದಿನ?' ಹಾಸ್ಪೈಸ್ ಎಂದರೆ ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ನೋವು ತಗ್ಗಿಸಿ ನೆಮ್ಮದಿ ಕೊಡುವ ಆರೈಕೆ. ಕ್ಯಾನ್ಸರ್ ಆಗಿದ್ದರೆ ವೈದ್ಯರು ಹೆಚ್ಚುಕಡಿಮೆ ಒಂದು ಲೆಕ್ಕ ಹೇಳಿಯಾರು. ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ, ಎಂದಾಗ ಅದೇ ವೈದ್ಯರು ತಡವರಿಸುತ್ತಾರೆ. ಎರಡು ವಾರ ಎಂದುಕೊಂಡವರು ಎರಡು ವರ್ಷ ಬದುಕಿದ್ದುಂಟು. ಇನ್ನೂ ಕಾಲವಿದೆ ಎಂದುಕೊಂಡವರು ಒಂದೇ ಜ್ವರಕ್ಕೆ ಹೋಗಿಬಿಟ್ಟದ್ದೂ ಉಂಟು. ಡಿಮೆನ್ಷಿಯಾ ರೋಗಿಯ ಕುಟುಂಬಕ್ಕೆ ಹಾಸ್ಪೈಸ್‌ನಿಂದ ಆಗುವ ನಿರಾಸೆಯ ಬಹುಪಾಲು ಹುಟ್ಟುವುದು ಇಲ್ಲಿಯೇ. ಬೇರೊಂದು ಕಾಯಿಲೆಯ ಅಳತೆಗೆ ಹೊಲಿದ ಅಂಗಿಯನ್ನು ಈ ಕಾಯಿಲೆಗೆ ತೊಡಿಸಿದ್ದಾರೆ.

1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದಾಗ ಅವರ ಕಣ್ಣಮುಂದೆ ಇದ್ದವರು ಹೆಚ್ಚಾಗಿ ಕ್ಯಾನ್ಸರ್ ರೋಗಿಗಳು. ನೋವು ಕೆರಳಿದ ಮೇಲೆ ಓಡಾಡುವ ಬದಲು ಹೊತ್ತುಹೊತ್ತಿಗೆ ಮಾರ್ಫಿನ್ ಕೊಟ್ಟು ನೋವು ತಲೆಯೆತ್ತದಂತೆ ನೋಡಿಕೊಳ್ಳಬೇಕು, ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಬಂಧಗಳ ನೋವನ್ನೂ ಗಣಿಸಬೇಕು ಎಂಬುದು ಅವರ ದೊಡ್ಡ ಕೊಡುಗೆ. ಆದರೆ ಅವರ ರೋಗಿಗಳು ಮಾತಾಡಬಲ್ಲವರಾಗಿದ್ದರು. ಎಲ್ಲಿ ನೋಯುತ್ತಿದೆ, ಏನು ಬೇಕು, ಏನು ಸಾಕು ಎಂದು ಅವರೇ ಹೇಳುತ್ತಿದ್ದರು. ಅವರ ಕಾಯಿಲೆಯೂ ಕೊನೆಯ ಕೆಲವು ತಿಂಗಳಲ್ಲಿ ಇಳಿಜಾರಿನ ಹಾಗೆ ಕಣ್ಣಿಗೆ ಕಾಣುವಂತೆ ಇಳಿಯುತ್ತಿತ್ತು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 1982ರಲ್ಲಿ ಹಾಸ್ಪೈಸ್‌ಗೆ ಹಣ ಕೊಡಲು ಒಪ್ಪಿದಾಗ ಹಾಕಿದ ಷರತ್ತೂ ಇದೇ ಇಳಿಜಾರಿನ ಲೆಕ್ಕದ್ದು: ಕಾಯಿಲೆ ತನ್ನ ದಾರಿಯಲ್ಲೇ ಸಾಗಿದರೆ ರೋಗಿ ಆರು ತಿಂಗಳಿಗಿಂತ ಹೆಚ್ಚು ಬದುಕುವ ಸಂಭವವಿಲ್ಲ ಎಂದು ವೈದ್ಯರು ಬರೆದುಕೊಡಬೇಕು. ಮರೆಗುಳಿ ಕಾಯಿಲೆಯ ಕೊನೆಯ ಹಂತಕ್ಕೆ ಬಂದವರಲ್ಲಿ ಮಾತೂ ಇಲ್ಲ, ಇಳಿಜಾರೂ ಇಲ್ಲ. ತಿಂಗಳುಗಟ್ಟಲೆ ಇದ್ದಲ್ಲೇ ಇದ್ದು, ಒಂದು ದಿನ ದಡಕ್ಕನೆ ಎರಡು ಮೆಟ್ಟಿಲು ಕೆಳಗೆ ಬಿದ್ದು, ಮತ್ತೆ ಅಲ್ಲೇ ನಿಲ್ಲುತ್ತಾರೆ.

ಮುಂದೆ ಹೋಗುವ ಮೊದಲು ಒಂದು ವಿಷಯ ಹೇಳಲೇಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ ಯಾರೂ ಇದನ್ನು ನೇರವಾಗಿ ಹೇಳಿರುವುದಿಲ್ಲ. ಡಿಮೆನ್ಷಿಯಾ ಸಾವಿಗೆ ಕಾರಣವಾಗುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಇದು ಇತ್ತು. ಅವರಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ಮಂದಿಯದ್ದು ಅಲ್ಜೈಮರ್ಸ್ ಎಂಬ ಬಗೆಯ ಡಿಮೆನ್ಷಿಯಾ. ಜನ ಇದನ್ನು 'ಮರೆವು' ಎಂದುಕೊಳ್ಳುತ್ತಾರೆ. ಮರೆವು ಇದರ ಮೊದಲ ಅಧ್ಯಾಯ ಮಾತ್ರ. ಹೆಸರುಗಳನ್ನು ಮರೆತ ಮಿದುಳು ಮುಂದೆ ನಡಿಗೆಯನ್ನು ಮರೆಯುತ್ತದೆ, ಕೂರುವುದನ್ನು ಮರೆಯುತ್ತದೆ, ಕೊನೆಗೆ ಬಾಯಲ್ಲಿಟ್ಟ ತುತ್ತನ್ನು ಏನು ಮಾಡಬೇಕೆಂಬುದನ್ನೂ ಮರೆಯುತ್ತದೆ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಬರುತ್ತದೆ. 2009ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ ಒಂದು ಅಧ್ಯಯನ ಬಾಸ್ಟನ್ ಸುತ್ತಮುತ್ತಲಿನ ಆರೈಕೆ ಕೇಂದ್ರಗಳಲ್ಲಿದ್ದ, ಕಾಯಿಲೆ ತೀರಾ ಮುಂದುವರಿದ 323 ಮಂದಿಯನ್ನು ಹದಿನೆಂಟು ತಿಂಗಳು ಹಿಂಬಾಲಿಸಿತು. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಕೊಂಡಿದ್ದರು. ಶೇ 86ರಷ್ಟು ಜನರಿಗೆ ತಿನ್ನುವ, ನುಂಗುವ ತೊಂದರೆ ಬಂದಿತ್ತು. ನ್ಯುಮೋನಿಯಾ ಬಂದವರಲ್ಲಿ ಸುಮಾರು ಶೇ 47 ಮಂದಿ ಮುಂದಿನ ಆರು ತಿಂಗಳೊಳಗೆ ಇಲ್ಲವಾದರು. ಆ ಅಧ್ಯಯನದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಅಂಶ. ಇದು ಕೊನೆಯ ಹಂತ, ಮುಂದೆ ಏನೇನು ಬರಬಹುದು ಎಂದು ತಿಳಿದಿದ್ದ ಕುಟುಂಬಗಳ ರೋಗಿಗಳು ಕೊನೆಯ ಮೂರು ತಿಂಗಳಲ್ಲಿ ಆಸ್ಪತ್ರೆಯ ಓಡಾಟ, ಆಹಾರದ ನಳಿಗೆ, ಡ್ರಿಪ್ಪುಗಳ ಕಾಟವನ್ನು ಬಹಳ ಕಡಿಮೆ ಅನುಭವಿಸಿದ್ದರು. ಮನೆಯವರ ತಿಳಿವಳಿಕೆಯೂ ರೋಗಿಯ ಅನುಕೂಲವೂ ಜೊತೆಜೊತೆಗೇ ಕಂಡವು.

ಯಾವಾಗ ಸೇರಿಸಬೇಕು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಬಳಸುವ ಅಳತೆಗೋಲು 'ಫಾಸ್ಟ್' ಎಂಬ ಏಳು ಹಂತದ ಪಟ್ಟಿ. ಅದರ ಏಳನೆಯ ಹಂತದಲ್ಲಿ ಮಾತು ಐದಾರು ಪದಕ್ಕೆ ಇಳಿಯುತ್ತದೆ, ಆಮೇಲೆ ಒಂದು ಪದಕ್ಕೆ, ನಂತರ ಹಿಡಿದುಕೊಳ್ಳದೆ ನಡೆಯಲಾಗುವುದಿಲ್ಲ, ಆಸರೆಯಿಲ್ಲದೆ ಕೂರಲಾಗುವುದಿಲ್ಲ, ನಗು ಹೋಗುತ್ತದೆ, ಕೊನೆಗೆ ತಲೆ ನಿಲ್ಲುವುದಿಲ್ಲ. ನಡಿಗೆ ನಿಂತು, ಜೊತೆಗೆ ಕಳೆದ ಒಂದು ವರ್ಷದಲ್ಲಿ ನ್ಯುಮೋನಿಯಾವೋ ಆಳವಾದ ಹಾಸಿಗೆ ಹುಣ್ಣೋ ಮರುಕಳಿಸುವ ಜ್ವರವೋ, ಅಥವಾ ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಪಾಲು ಕರಗಿದ್ದೋ ಇದ್ದರೆ ಹಾಸ್ಪೈಸ್‌ಗೆ ಅರ್ಹರು ಎಂದು ಲೆಕ್ಕ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಈ ಮೆಟ್ಟಿಲುಗಳನ್ನು ಎಲ್ಲರೂ ಇದೇ ಕ್ರಮದಲ್ಲಿ ಇಳಿಯುವುದಿಲ್ಲ. ರಕ್ತನಾಳದ ತೊಂದರೆಯಿಂದ ಬಂದ ಡಿಮೆನ್ಷಿಯಾದವರಂತೂ ಈ ಪಟ್ಟಿಯ ಮಾತನ್ನೇ ಕೇಳುವುದಿಲ್ಲ. ಮನೆಯವರಿಗೆ ಇದಕ್ಕಿಂತ ಉಪಯುಕ್ತ ಗುರುತು ಬೇರೆ ಇದೆ: ಆಸ್ಪತ್ರೆಗೆ ಹೋಗಿ ಬಂದ ಪ್ರತಿ ಸಲವೂ ಹೋದಾಗ ಇದ್ದುದಕ್ಕಿಂತ ಕಡಿಮೆಯಾಗಿ ವಾಪಸು ಬರುತ್ತಿದ್ದಾರೆಯೇ? ಹೌದಾದರೆ ಹಾಸ್ಪೈಸ್ ವಿಚಾರ ಎತ್ತಲು ಹೊತ್ತಾಗಿದೆ. ಹಾಸ್ಪೈಸ್‌ಗೆ ಇನ್ನೂ ಅರ್ಹರಲ್ಲ ಎಂದರೆ ಉಪಶಮನ ಆರೈಕೆ (ಪ್ಯಾಲಿಯೇಟಿವ್ ಕೇರ್), ಅಂದರೆ ನೋವು, ಸಂಕಟ ತಗ್ಗಿಸುವ ಆರೈಕೆ, ಕೇಳಬಹುದು. ಅದಕ್ಕೆ ಆರು ತಿಂಗಳ ಗಡಿಯಿಲ್ಲ, ಕಾಯಿಲೆಯ ಯಾವ ಹಂತದಲ್ಲೂ ಶುರುಮಾಡಬಹುದು.

ಸೇರಿಸಿದ ಮೇಲೆ ಮನೆಗೆ ಏನು ಬರುತ್ತದೆ? ವಾರಕ್ಕೆ ಒಂದೆರಡು ಸಲ ನರ್ಸ್. ಮೈ ತೊಳೆಸಲು, ಬಟ್ಟೆ ಬದಲಿಸಲು ವಾರದಲ್ಲಿ ಕೆಲವು ದಿನ ಸಹಾಯಕರು. ಆಸ್ಪತ್ರೆ ಮಂಚ, ಗಾಳಿ ಹಾಸಿಗೆ, ಡೈಪರ್, ಬೇಕಾದರೆ ಆಮ್ಲಜನಕ. ಸಮಾಜ ಕಾರ್ಯಕರ್ತರು, ಬಯಸಿದರೆ ಧಾರ್ಮಿಕ ಸಾಂತ್ವನ ಹೇಳುವವರು, ಒಂದಷ್ಟು ಹೊತ್ತು ಜೊತೆ ಕೂರುವ ಸ್ವಯಂಸೇವಕರು. ನೋವಿಗೆ, ಉಬ್ಬಸಕ್ಕೆ, ಗಾಬರಿಗೆ ಕೊಡುವ ಔಷಧಿಗಳ ಒಂದು ಪುಟ್ಟ ಪೆಟ್ಟಿಗೆ. ಮತ್ತೆ ಒಂದು ಫೋನ್ ನಂಬರು, ರಾತ್ರಿ ಎರಡು ಗಂಟೆಗೂ ಯಾರಾದರೂ ಎತ್ತುವಂಥದ್ದು. ಸಂಸ್ಥೆಯಿಂದ ಸಂಸ್ಥೆಗೆ, ದೇಶದಿಂದ ದೇಶಕ್ಕೆ ಪಟ್ಟಿ ಬೇರೆಯಾದೀತು, ತಿರುಳು ಇಷ್ಟೇ.

ಬರದೇ ಇರುವುದು ಯಾವುದು ಎಂದರೆ, ದಿನದ ಇಪ್ಪತ್ನಾಲ್ಕು ಗಂಟೆಯ ಆಳು. ಕುಟುಂಬಗಳು ಎಡವುವುದು ಇಲ್ಲಿಯೇ. 'ಹಾಸ್ಪೈಸ್ ಬಂತು, ಇನ್ನು ಅವರು ನೋಡಿಕೊಳ್ಳುತ್ತಾರೆ' ಎಂದು ಉಸಿರು ಬಿಟ್ಟವರಿಗೆ ಎರಡನೆಯ ವಾರದಲ್ಲಿ ಗೊತ್ತಾಗುತ್ತದೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ತುತ್ತು ಉಣಿಸುವುದು, ಒದ್ದೆಯಾದ ಹಾಸಿಗೆ ಬದಲಿಸುವುದು ಎಲ್ಲವೂ ತಮ್ಮ ಪಾಲಿಗೇ ಉಳಿದಿವೆ. ಹಾಸ್ಪೈಸ್ ತಂಡ ದಿನಕ್ಕೆ ಒಂದು ಗಂಟೆ ಮನೆಯಲ್ಲಿದ್ದರೆ ಉಳಿದ ಇಪ್ಪತ್ಮೂರು ಗಂಟೆ ಮನೆಯವರದ್ದೇ. ನೋಡಿಕೊಳ್ಳುವವರಿಗೆ ಬಿಡುವು ಕೊಡಲು ರೋಗಿಯನ್ನು ಕೆಲವು ದಿನ ಬೇರೆಡೆ ಇರಿಸಿಕೊಳ್ಳುವ ಏರ್ಪಾಡು ಹಲವು ಕಡೆ ಇದೆ. ಮೆಡಿಕೇರ್‌ನಲ್ಲಿ ಅದು ಒಂದು ಸಲಕ್ಕೆ ಐದು ದಿನ. ಕೇಳಲು ನಾಚಿಕೆಪಟ್ಟು ಬಹಳ ಮಂದಿ ಇದನ್ನು ಬಳಸುವುದೇ ಇಲ್ಲ. ಸೇರುವ ಮೊದಲೇ 'ರಾತ್ರಿ ಕರೆದರೆ ಫೋನಿನಲ್ಲಿ ಮಾತಾಡುತ್ತೀರೋ, ಮನೆಗೆ ಬರುತ್ತೀರೋ' ಎಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಸಂಸ್ಥೆಯ ಕರಪತ್ರದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಸಿಗುವುದು ಅಪರೂಪ.

ಹಾಗಾದರೆ ಅಷ್ಟು ಕಡಿಮೆ ಹೊತ್ತು ಬರುವವರಿಂದ ಏನು ಪ್ರಯೋಜನ? ಒಳ್ಳೆಯ ತಂಡವೊಂದು ಮನೆಯವರಿಗೆ ದೇಹವನ್ನು ಓದಲು ಕಲಿಸುತ್ತದೆ. ನನ್ನ ಪ್ರಕಾರ ಡಿಮೆನ್ಷಿಯಾ ಹಾಸ್ಪೈಸ್‌ನ ಅಸಲಿ ಕೆಲಸ ಇದು.

ಮಾತು ಹೋದವರಿಗೆ ನೋವು ಹೋಗಿರುವುದಿಲ್ಲ. ಸೊಂಟದ ಸಂಧಿವಾತ, ಕೊಳೆತ ಹಲ್ಲು, ಮೂರು ದಿನದ ಮಲಬದ್ಧತೆ, ಕಟ್ಟಿಕೊಂಡ ಮೂತ್ರ ಎಲ್ಲವೂ ಅವರನ್ನು ಕಾಡುತ್ತವೆ, ಹೇಳಲು ಪದವಿಲ್ಲ. ಆಗ ನೋವು ಬೇರೆ ವೇಷದಲ್ಲಿ ಬರುತ್ತದೆ. ಮೈ ಮುಟ್ಟಿದರೆ ಹೊಡೆಯುವುದು, ಸ್ನಾನ ಎಂದರೆ ಕಿರುಚುವುದು, ಒಂದೇ ಸಮನೆ ನರಳುವುದು, ತುತ್ತನ್ನು ತಳ್ಳುವುದು. ಇದನ್ನು ಕಂಡವರು 'ಹಟ' ಎನ್ನುತ್ತಾರೆ, 'ಕಾಯಿಲೆ ತಲೆಗೇರಿದೆ' ಎನ್ನುತ್ತಾರೆ. ಶಮನಕ್ಕೆ ಮನೋರೋಗದ ಮಾತ್ರೆ ಬರುತ್ತದೆ. ಆ ಮಾತ್ರೆಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. 2011ರಲ್ಲಿ ನಾರ್ವೆಯ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಆರೈಕೆ ಕೇಂದ್ರಗಳಲ್ಲಿ ಕೆರಳಿಕೆಯ ವರ್ತನೆ ಇದ್ದ 352 ಡಿಮೆನ್ಷಿಯಾ ರೋಗಿಗಳಲ್ಲಿ ಒಂದು ಗುಂಪಿಗೆ ಎಂಟು ವಾರ ಹಂತಹಂತವಾಗಿ ನೋವಿನ ಔಷಧಿ ಕೊಟ್ಟರು. ಬಹಳ ಮಂದಿಗೆ ಸಾದಾ ಪ್ಯಾರಾಸಿಟಮಾಲ್. ಆ ಗುಂಪಿನ ಕೆರಳಿಕೆ ಗಣನೀಯವಾಗಿ ತಗ್ಗಿತು. ಹಟ ಎಂದುಕೊಂಡಿದ್ದರ ಒಂದು ಪಾಲು ಬರಿಯ ನೋವಾಗಿತ್ತು.

ನರ್ಸುಗಳು ಬಳಸುವ 'ಪೈನಾಡ್' ಎಂಬ ಅಳತೆಗೋಲಿನಲ್ಲಿ ಐದು ಸಂಗತಿ ನೋಡುತ್ತಾರೆ: ಉಸಿರಾಟದ ಧಾಟಿ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಸುಮ್ಮನಾಗುತ್ತಾರೋ ಇಲ್ಲವೋ. ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತಕ್ಕೆ. ಇದನ್ನು ಮನೆಯವರೂ ಕಲಿಯಬಹುದು, ಕಲಿತರೆ ನರ್ಸಿಗಿಂತ ಚೆನ್ನಾಗಿ ಓದುತ್ತಾರೆ. ನಲವತ್ತು ವರ್ಷ ಜೊತೆಗಿದ್ದ ಹೆಂಡತಿಗೆ ಗಂಡನ ಹುಬ್ಬು ಯಾವಾಗ ಗಂಟಿಕ್ಕುತ್ತದೆ ಎಂದು ಯಾವ ಪಟ್ಟಿಯೂ ಹೇಳಿಕೊಡಬೇಕಿಲ್ಲ. ಅವಳಿಗೆ ಬೇಕಿರುವುದು, ಆ ಹುಬ್ಬಿನ ಗಂಟನ್ನು ಫೋನಿನಲ್ಲಿ ಹೇಳಿದಾಗ ನಂಬಿ ಔಷಧಿಯ ಪ್ರಮಾಣ ಬದಲಿಸುವ ಒಬ್ಬರು. ಕ್ಯಾನ್ಸರ್ ರೋಗಿ ತನ್ನ ಸಾಕ್ಷಿಯನ್ನು ತಾನೇ ನುಡಿಯುತ್ತಾನೆ. ಇಲ್ಲಿ ಸಾಕ್ಷಿ ನುಡಿಯಬೇಕಾದವರು ಮನೆಯವರು.

ಮಾರ್ಫಿನ್ ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ, ಅದು ಸಹಜ. ನೋವಿಗೂ ಉಸಿರಿನ ಕಷ್ಟಕ್ಕೂ ಸಣ್ಣ ಪ್ರಮಾಣದಲ್ಲಿ, ಅಗತ್ಯ ನೋಡಿಕೊಂಡು ಏರಿಸುತ್ತ ಕೊಡುವ ಮಾರ್ಫಿನ್ ಸಾವನ್ನು ಎಳೆದು ತರುವ ಮದ್ದಲ್ಲ. ಕೊನೆಯ ಹನಿ ಕೊಟ್ಟವರ ಕೈ ಮಾತ್ರ ವರ್ಷಗಟ್ಟಲೆ 'ನಾನು ಕೊಟ್ಟದ್ದರಿಂದ ಹೋದರೇ?' ಎಂದು ಕೇಳುತ್ತಿರುತ್ತದೆ. ಅದಕ್ಕೇ ಈ ಮಾತನ್ನು ಔಷಧಿ ಪೆಟ್ಟಿಗೆ ಮನೆಗೆ ಬಂದ ದಿನವೇ ಬಿಡಿಸಿ ಆಡಬೇಕು. ಮಾರ್ಫಿನ್ ಜೊತೆ ಮಲಬದ್ಧತೆ ಬಂದೇ ಬರುತ್ತದೆ, ಅದಕ್ಕೆ ಮದ್ದನ್ನು ಮೊದಲ ದಿನದಿಂದಲೇ ಕೊಡಬೇಕು. ಇದನ್ನು ಮರೆಯುವ ತಂಡಗಳೂ ಇವೆ, ನೆನಪಿಸಿ. ಇದೇ ಹೊತ್ತಿಗೆ ಹಳೆಯ ಮಾತ್ರೆಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಕೊಲೆಸ್ಟರಾಲ್ ಮಾತ್ರೆ ಇನ್ನು ಹತ್ತು ವರ್ಷದ ಹೃದಯವನ್ನು ಕಾಪಾಡುವುದಕ್ಕಿರುವುದು, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಇನ್ನು ಊಟದ ವಿಷಯ. ಎಲ್ಲಕ್ಕಿಂತ ಕಷ್ಟದ್ದು ಇದೇ.

ತುತ್ತು ಬಾಯಲ್ಲೇ ಉಳಿಯುತ್ತದೆ. ಕೆಮ್ಮುತ್ತಾರೆ. ತುಟಿ ಬಿಗಿಹಿಡಿಯುತ್ತಾರೆ, ಮುಖ ತಿರುಗಿಸುತ್ತಾರೆ. ತೂಕ ಕಣ್ಣೆದುರೇ ಕರಗುತ್ತದೆ. ಆಗ ಯಾರಾದರೊಬ್ಬರು ನಳಿಗೆಯ ಮಾತೆತ್ತುತ್ತಾರೆ: ಮೂಗಿನಿಂದಲೋ, ಹೊಟ್ಟೆಗೆ ತೂತು ಮಾಡಿಯೋ ಆಹಾರ ಹಾಕೋಣ. ನಳಿಗೆ ಹಾಕಿದರೆ ಶಕ್ತಿ ಬರುತ್ತದೆ, ನ್ಯುಮೋನಿಯಾ ತಪ್ಪುತ್ತದೆ, ಹುಣ್ಣು ಮಾಯುತ್ತದೆ, ಒಂದಷ್ಟು ಕಾಲ ಹೆಚ್ಚು ಬದುಕುತ್ತಾರೆ ಎಂಬುದು ನಂಬಿಕೆ. ಮುಂದುವರಿದ ಡಿಮೆನ್ಷಿಯಾದಲ್ಲಿ ಇವುಗಳಲ್ಲಿ ಯಾವುದಕ್ಕೂ ಆಧಾರ ಸಿಕ್ಕಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2009ರ ವಿಮರ್ಶೆ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು ಇದನ್ನೇ. ಹೊಟ್ಟೆಗೆ ನೇರ ಹೋದರೂ ಬಾಯಲ್ಲಿ ಉಕ್ಕುವ ಜೊಲ್ಲು ಶ್ವಾಸಕೋಶಕ್ಕೆ ಇಳಿಯುವುದನ್ನು ನಳಿಗೆ ತಡೆಯಲಾರದು. ಅದನ್ನು ಕಿತ್ತುಕೊಳ್ಳದಂತೆ ಎಷ್ಟೋ ಸಲ ಕೈ ಕಟ್ಟಬೇಕಾಗುತ್ತದೆ. ಅಮೆರಿಕದ ವೃದ್ಧರೋಗ ತಜ್ಞರ ಸಂಘ ನಳಿಗೆಯ ಬದಲು ಕೈತುತ್ತನ್ನೇ ಶಿಫಾರಸು ಮಾಡುತ್ತದೆ.

ಕೈತುತ್ತು ಎಂದರೆ ಏನು ಎಂದು ನರ್ಸ್ ಪಕ್ಕದಲ್ಲಿ ಕೂತು ತೋರಿಸಬೇಕು. ಪೂರ್ತಿ ಎಚ್ಚರವಿದ್ದಾಗ ಮಾತ್ರ, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಅರ್ಧ ಚಮಚ, ಮೆತ್ತಗಿನದು, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಮುಂದಿನದು. ಸಾಕು ಎಂದು ಮುಖ ತಿರುಗಿಸಿದರೆ ಅಲ್ಲಿಗೆ ಸಾಕು. ಒಂದು ತುತ್ತಾದರೂ ಸರಿ, ನಾಲ್ಕಾದರೂ ಸರಿ. ಊಟ ಇಲ್ಲಿ ಪೋಷಣೆಯ ಲೆಕ್ಕದಿಂದ ಹೊರಗೆ ಬಂದಿದೆ. ರುಚಿ, ಸ್ಪರ್ಶ, ಪಕ್ಕದಲ್ಲಿ ಒಬ್ಬರು ಕೂತಿರುವುದು, ಅಷ್ಟಕ್ಕೇ ಉಣಿಸುವುದು. ದೇಹ ಮುಚ್ಚಿಕೊಳ್ಳುತ್ತಿರುವಾಗ ಹಸಿವೂ ಬಾಯಾರಿಕೆಯೂ ಆರುತ್ತ ಬರುತ್ತವೆ. ಬಾಯಿ ಒಣಗುವುದು ಮಾತ್ರ ಹಿಂಸೆ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸುವುದು ಆ ಹೊತ್ತಿನಲ್ಲಿ ಎರಡು ಬಾಟಲಿ ಡ್ರಿಪ್ಪಿಗಿಂತ ಹೆಚ್ಚು ನೆಮ್ಮದಿ ಕೊಡುತ್ತದೆ. ತಿನ್ನುವುದು ನಿಂತದ್ದರಿಂದ ಸಾಯುತ್ತಿದ್ದಾರೆ ಎಂದು ಮನೆಯವರಿಗೆ ಅನಿಸುತ್ತದೆ. ಸಾಯುತ್ತಿರುವುದರಿಂದ ತಿನ್ನುವುದು ನಿಂತಿದೆ. ಬುದ್ಧಿಗೆ ಇದು ಬೇಗ ಗೊತ್ತಾಗುತ್ತದೆ. ತಟ್ಟೆ ಹಿಡಿದ ಕೈಗೆ ಗೊತ್ತಾಗಲು ಬಹಳ ಕಾಲ ಬೇಕು.

ಜ್ವರ ಬಂದಾಗ ಪ್ರಶ್ನೆ ಇಷ್ಟು ಸ್ಪಷ್ಟವಿಲ್ಲ, ಅದನ್ನೂ ಹೇಳಬೇಕು. ಬಾಸ್ಟನ್ನಿನ ಅದೇ ರೋಗಿಗಳ ಮಾಹಿತಿಯಿಂದ 2010ರಲ್ಲಿ ಹೊರಬಿದ್ದ ವರದಿಯೊಂದು ನ್ಯುಮೋನಿಯಾಕ್ಕೆ ಆ್ಯಂಟಿಬಯಾಟಿಕ್ ಪಡೆದವರು ಹೆಚ್ಚು ಕಾಲ ಬದುಕಿದರು, ಆದರೆ ಅವರ ನೆಮ್ಮದಿ ಹೆಚ್ಚಲಿಲ್ಲ ಎಂದಿತು. ಕಾಲ ಬೇಕೋ, ನೆಮ್ಮದಿ ಬೇಕೋ? ಎರಡೂ ಬೇಕು ಎನ್ನುವುದು ಮನುಷ್ಯ ಸಹಜ. ಕೆಲವರು ಮಧ್ಯದ ದಾರಿಯಾಗಿ ಬಾಯಿಂದ ಕೊಡುವ ಔಷಧಿ ಸಾಕು, ಆಸ್ಪತ್ರೆ, ಸೂಜಿ ಬೇಡ ಎಂದು ನಿರ್ಧರಿಸುತ್ತಾರೆ. ಸರಿಯುತ್ತರ ಯಾವುದೆಂದು ಹೊರಗಿನವರು ಹೇಳಲಾರರು. ಆದರೆ ಈ ನಿರ್ಧಾರ ಜ್ವರವಿಲ್ಲದ ದಿನ ಆಗಬೇಕು, ಬರೆದಿಡಬೇಕು, ಮಂಚದ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಮಧ್ಯರಾತ್ರಿ ಏದುಸಿರು ಕಂಡವರು ಆಂಬುಲೆನ್ಸ್ ಕರೆದೇ ಕರೆಯುತ್ತಾರೆ. ಪರಿಚಿತ ಕೋಣೆ ಬಿಟ್ಟು ತುರ್ತು ಚಿಕಿತ್ಸೆಯ ಬೆಳಕಿನಡಿ ಹೋದ ಡಿಮೆನ್ಷಿಯಾ ರೋಗಿಯ ದಿಗಿಲನ್ನು ಒಮ್ಮೆ ಕಂಡವರು ಮತ್ತೆ ಅದನ್ನು ಬಯಸುವುದಿಲ್ಲ.

ಬರೆದಿಡುವುದರಿಂದ ಇನ್ನೊಂದು ಲಾಭ ಇದೆ. ವೈದ್ಯರ ಲೋಕದಲ್ಲಿ 'ಕ್ಯಾಲಿಫೋರ್ನಿಯಾದ ಮಗಳು' ಎಂಬ ಕೊಂಕುಮಾತು ಚಾಲ್ತಿಯಲ್ಲಿದೆ. ವರ್ಷಗಟ್ಟಲೆ ದೂರವಿದ್ದು, ಕೊನೆಯ ವಾರ ಓಡೋಡಿ ಬಂದು, 'ಏನೂ ಮಾಡುತ್ತಿಲ್ಲವಲ್ಲ, ಎಲ್ಲವನ್ನೂ ಮಾಡಿ' ಎಂದು ಕೂಗಾಡುವ ಬಂಧುವಿಗೆ ಇಟ್ಟ ಹೆಸರು. ಮಗಳೇ ಏಕೆ, ಮಗನಾಗಿರುವುದೂ ಅಷ್ಟೇ ಸಾಮಾನ್ಯ. ಅವರನ್ನು ಮೂದಲಿಸುವುದು ಸುಲಭ. ಮನೆಯಲ್ಲಿದ್ದವರು ಮೂರು ವರ್ಷದಲ್ಲಿ ಇಳಿದ ಮೆಟ್ಟಿಲನ್ನು ಅವರು ಮೂರು ದಿನದಲ್ಲಿ ಇಳಿಯಬೇಕಾಗಿರುತ್ತದೆ. ಅನುಭವಿ ಸಮಾಜ ಕಾರ್ಯಕರ್ತರು ಇಂಥವರನ್ನು ಮೊದಲೇ ಫೋನಿನಲ್ಲಿ ಮಾತಿಗೆ ಎಳೆದುಕೊಳ್ಳುತ್ತಾರೆ.

ತೀರಾ ಅನಿರೀಕ್ಷಿತವಾಗಿ ಬರುವ ಪೆಟ್ಟು ಇನ್ನೊಂದು: ಹಾಸ್ಪೈಸ್‌ನಿಂದ ಬಿಡುಗಡೆ. ಒಳ್ಳೆಯ ಆರೈಕೆ ಸಿಕ್ಕಿ ಹುಣ್ಣು ಮಾಯುತ್ತದೆ, ತೂಕ ನಿಲ್ಲುತ್ತದೆ, ರೋಗಿ ಸ್ಥಿರವಾಗುತ್ತಾರೆ. ಆಗ 'ಆರು ತಿಂಗಳಲ್ಲಿ ಸಾಯುವ ಲಕ್ಷಣ ಕಾಣುತ್ತಿಲ್ಲ' ಎಂದು ಸೇವೆ ನಿಲ್ಲುತ್ತದೆ. ಮಂಚ, ನರ್ಸ್, ಫೋನ್ ನಂಬರು ಎಲ್ಲ ವಾಪಸು. ಮೆಡಿಕೇರ್ ನಿಯಮದಲ್ಲಿ ಮೊದಲು ತೊಂಬತ್ತು ದಿನದ ಎರಡು ಅವಧಿ, ಆಮೇಲೆ ಅರವತ್ತು ದಿನಕ್ಕೊಮ್ಮೆ ಮತ್ತೆ ಅರ್ಹತೆ ಸಾಬೀತಾಗಬೇಕು. ಡಿಮೆನ್ಷಿಯಾ ರೋಗಿಗಳಿಗೆ ಹೀಗಾಗುವುದು ಹೆಚ್ಚು. ಚೆನ್ನಾಗಿ ನೋಡಿಕೊಂಡದ್ದಕ್ಕೆ ಶಿಕ್ಷೆ ಎಂದು ಮನೆಯವರಿಗೆ ಅನಿಸಿದರೆ ತಪ್ಪಿಲ್ಲ. ತೂಕ, ತೋಳಿನ ಸುತ್ತಳತೆ, ದಿನಕ್ಕೆ ಎಷ್ಟು ಗಂಟೆ ನಿದ್ದೆ, ಎಷ್ಟು ತುತ್ತು ಎಂದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಬಂದರೆ ನಿಧಾನದ ಕುಸಿತವೂ ಕಾಗದದ ಮೇಲೆ ಕಾಣುತ್ತದೆ. ಬಿಡುಗಡೆಯಾದರೂ ಸ್ಥಿತಿ ಕೆಟ್ಟಾಗ ಮತ್ತೆ ಸೇರಿಸಬಹುದು.

ಕೊನೆಯ ದಿನಗಳು ಬಂದಾಗ ಅವು ಗುರುತು ಹತ್ತುತ್ತವೆ. ದಿನದ ಬಹುಪಾಲು ನಿದ್ದೆ. ಮೂತ್ರ ಕಡಿಮೆ. ಕೈಕಾಲು ತಣ್ಣಗೆ, ಮಂಡಿ ಪಾದಗಳಲ್ಲಿ ನೇರಳೆ ಮಚ್ಚೆ. ಉಸಿರು ಜೋರಾಗಿ ಏರಿ, ಇಳಿದು, ನಿಂತೇಹೋಯಿತೇನೋ ಎನ್ನುವಷ್ಟು ಹೊತ್ತು ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಕೇಳುವವರಿಗೆ ಭಯ ಹುಟ್ಟಿಸುತ್ತದೆ; ಪ್ರಜ್ಞೆ ತಗ್ಗಿದ ರೋಗಿಗೆ ಅದರಿಂದ ಉಸಿರು ಕಟ್ಟಿದ ಹಿಂಸೆಯಾಗುತ್ತಿರುವುದಿಲ್ಲ ಎಂಬುದು ತಜ್ಞರ ಅಭಿಪ್ರಾಯ. ಪಕ್ಕಕ್ಕೆ ಮಗ್ಗುಲಾಗಿಸಿದರೆ ಸದ್ದು ತಗ್ಗುತ್ತದೆ. ಕೆಲವರು ಸಾವಿಗೆ ಸ್ವಲ್ಪ ಮುಂಚೆ ಇದ್ದಕ್ಕಿದ್ದಂತೆ ಕಣ್ಣು ತೆರೆದು, ವರ್ಷಗಳಿಂದ ಹೇಳದ ಹೆಸರನ್ನು ಹೇಳಿದ್ದೂ ದಾಖಲಾಗಿದೆ. ಕಾಯುತ್ತ ಕೂರಬೇಡಿ, ಹೆಚ್ಚಿನವರಿಗೆ ಅದು ಆಗುವುದಿಲ್ಲ. ಆದರೆ ಚೇತರಿಕೆ ಎಂದು ಭ್ರಮಿಸಿ ಆಸ್ಪತ್ರೆಗೆ ಓಡದಿರಲು ಇದು ತಿಳಿದಿರಲಿ.

ಆಮೇಲೆ ಬರುವ ದುಃಖ ಬೇರೆ ಥರದ್ದು. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಇದನ್ನು ಅಸ್ಪಷ್ಟ ಅಗಲಿಕೆ ಎಂಬ ಅರ್ಥದ ಹೆಸರಿನಿಂದ ಕರೆದರು: ದೇಹ ಎದುರಿಗಿದೆ, ಮನುಷ್ಯ ಹೋಗಿಯಾಗಿದೆ. ಸಾಯುವ ಮೊದಲೇ ಎಷ್ಟೋ ಸಲ ಅತ್ತು ಮುಗಿಸಿದವರಿಗೆ ಸತ್ತಾಗ ಅಳು ಬಾರದೆ, ಹಗುರ ಅನಿಸಿ, ಆ ಹಗುರಕ್ಕೆ ನಾಚಿಕೆಯಾಗುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಡಿಮೆನ್ಷಿಯಾ ರೋಗಿಯನ್ನು ಮನೆಯಲ್ಲಿ ನೋಡಿಕೊಂಡ 217 ಬಂಧುಗಳ ಪೈಕಿ ಶೇ 72 ಮಂದಿ ಸಾವು ತಮಗೆ ಬಿಡುಗಡೆಯಂತಿತ್ತು ಎಂದರು. ಅದು ರೋಗಿಗೂ ಬಿಡುಗಡೆಯಾಗಿತ್ತು ಎಂದವರು ಶೇ 90ಕ್ಕೂ ಹೆಚ್ಚು. ನಾಚಿಕೆಪಡುವವರು ಒಂಟಿಯಲ್ಲ.

ಮಂಚ ಹೋದ ಮೇಲೂ ಕೆಲವು ವಾರ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮಗ್ಗುಲು ಬದಲಿಸಲು ಕೈ ಚಾಚುತ್ತದೆ. ಒಳ್ಳೆಯ ಹಾಸ್ಪೈಸ್‌ಗಳು ಸಾವಿನ ನಂತರ ಒಂದು ವರ್ಷದವರೆಗೂ ಕುಟುಂಬಕ್ಕೆ ಕರೆ ಮಾಡುತ್ತವೆ. ಆ ಕರೆಯನ್ನು ಸೌಜನ್ಯದ್ದೆಂದು ಕಡೆಗಣಿಸಿ ಕತ್ತರಿಸುವವರುಂಟು. ಆದರೆ 'ನಾವು ಅವರನ್ನು ಉಪವಾಸ ಕೆಡವಿದೆವೇ?' ಎಂಬ ಪ್ರಶ್ನೆ ಆರು ತಿಂಗಳ ಮೇಲೆ ತಲೆಯೆತ್ತಿದಾಗ, ತಟ್ಟೆಯ ಪಕ್ಕದಲ್ಲಿ ಕೂತು ಆ ತುಟಿ ಬಿಗಿಯುವುದನ್ನು ಕಣ್ಣಾರೆ ಕಂಡಿದ್ದ ನರ್ಸ್ ಒಬ್ಬರೇ ಅದಕ್ಕೆ ಉತ್ತರ ಹೇಳಬಲ್ಲವರು.